ಅಪ್‌ಡೇಟ್: ಬೀದರ್‌ನಲ್ಲಿ ಸೈಕ್ಲಿಂಗ್‌ಗೆ ಅಷ್ಟೂರು ದಾರಿ ಸಿಕ್ಕಿತು

ಕೆಲಸದ ಮೇಲೆ ಬೀದರ್‌ಗೆ ಹೋಗುತ್ತಿದ್ದೇನೆ, ಬೆಳಿಗ್ಗೆ ರೋಡ್ ಸೈಕಲ್ ಓಡಿಸೋಕೆ ಒಳ್ಳೆ ದಾರಿ ಹೇಳಿ ಅಂತ ಕೇಳಿದ್ದೆ. ಅಷ್ಟೂರು ಕಡೆ ಹೋಗಿ ಅಂದವರಿಗೆ ತುಂಬಾ ಥ್ಯಾಂಕ್ಸ್, ಅದೇ ಸರಿಹೋಯಿತು. ಊರಿನಿಂದ ಮೂರ್ನಾಲ್ಕು ಕಿಲೋಮೀಟರ್ ಅಷ್ಟೇ. ಚೌಖಂಡಿ (ಸೂಫಿ ಸಂತ ಖಲೀಲುಲ್ಲಾ ಅವರ ಗೋರಿ) ದಾಟಿದರೆ ಬಹಮನಿ ಸುಲ್ತಾನರ ಗೋರಿಗಳು ಸಾಲಾಗಿ ಕಾಣುತ್ತವೆ. ಅದರಲ್ಲೂ ಸುಲ್ತಾನ ಹುಮಾಯೂನನ (ಮೊಘಲರ ಹುಮಾಯೂನ್ ಅಲ್ಲ, ಬಹಮನಿಯವನು) ಗೋರಿಯ ಗುಮ್ಮಟ ಅರ್ಧ ಸೀಳಿಹೋಗಿ ಹಾಗೇ ನಿಂತಿದೆ, ಇಳಿದು ನೋಡಲೇಬೇಕು.

ಹುಮನಾಬಾದ್ ಹೆದ್ದಾರಿ ಹಿಡಿಸಲಿಲ್ಲ, ಲಾರಿ ಕಾಟ ಜಾಸ್ತಿ.

ಬೀದರ್ ಇರುವುದು ಕೆಂಪು ಜಂಬಿಟ್ಟಿಗೆ ಕಲ್ಲಿನ ಎತ್ತರದ ಮೇಲೆ ಅಂತ ಅಲ್ಲಿ ಹೋದ ಮೇಲೇ ಗೊತ್ತಾಯಿತು. ಹಾಗಾಗಿ ಹೋಗುವಾಗ ಇಳಿಜಾರು, ಬರುವಾಗ ಏರು. ಬಿಸಿಲೇರುವ ಮೊದಲೇ ವಾಪಸ್ ಹೊರಡಿ, ನೀರು ಉಳಿಸಿಕೊಂಡಿರಿ. ದೂರ ಸಾಲದು ಅನ್ನಿಸಿದರೆ ಅದೇ ಏರನ್ನು ಇನ್ನೊಮ್ಮೆ ಹತ್ತಿ, ಕಾಲಿಗೆ ಒಳ್ಳೆ ಕೆಲಸ.