ಫೋನಿಗೆ ಹವಿಗನ್ನಡ ಅರ್ಥ ಆಗ್ತದಾ?

ಬದಿಯಡ್ಕದ ಅಡಿಕೆಯವ:

ನಗಬೇಡಿ, ಸೀರಿಯಸ್ಸಾಗಿಯೇ ಕೇಳುತ್ತಿದ್ದೇನೆ. ಹವಿಗನ್ನಡ ಅಂದರೆ ನಮ್ಮ ಹವ್ಯಕರ ಮನೆಮಾತು. ಕಳೆದ ಭಾನುವಾರ ಭಾವ ಮನೆಗೆ ಬಂದಿದ್ದರು. ಜಗಲಿಯಲ್ಲಿ ಕೂತು ಎಲೆ ಹಾಕಿಕೊಂಡು ಮಾತಾಡುತ್ತಿದ್ದೆವು. "ಅಡಕ್ಕೆ ಸೊಲಿವಲೆ ಜೆನವೇ ಸಿಕ್ಕುತ್ತವಿಲ್ಲೆ ಭಾವ, ಒಂದು ಮಿಷನು ತೆಗದರೆ ಹೇಂಗೆ?" ಎಂದು ಕೇಳಿದೆ. ಅಷ್ಟೇ. ಫೋನು ಎಲೆ ತಟ್ಟೆಯ ಪಕ್ಕದಲ್ಲಿ ಬಿದ್ದಿತ್ತು. ರಾತ್ರಿ ವಿಡಿಯೊ ನೋಡಲು ಕೂತರೆ ಅಡಿಕೆ ಸುಲಿಯುವ ಯಂತ್ರದ ಜಾಹೀರಾತು! ಒಂದಲ್ಲ, ಮೂರು. ನಾನು ಆ ಯಂತ್ರವನ್ನು ಫೋನಿನಲ್ಲಿ ಒಮ್ಮೆಯೂ ಹುಡುಕಿದವನಲ್ಲ.

ನನ್ನ ತಲೆಬಿಸಿ ಬೇರೆ. ಇದೇ ಫೋನಿಗೆ ನಾನು ಬಾಯಿಬಿಟ್ಟು ಹೇಳಿದ್ದೇ ತಿಳಿಯುವುದಿಲ್ಲ. ಮೊನ್ನೆ ಅಕ್ಕನಿಗೆ ಮೆಸೇಜ್ ಮಾಡಲು ಮೈಕ್ ಒತ್ತಿ "ಎಂಗೊ ನಾಳೆ ಬತ್ತೆಯೊ" (ನಾವು ನಾಳೆ ಬರುತ್ತೇವೆ) ಎಂದೆ. "ಹೆಂಗಸು ನಾಳೆ ಬತ್ತಿ" ಎಂದು ಬರೆಯಿತು. ನೋಡದೆ ಕಳಿಸಿಯೂ ಬಿಟ್ಟೆ. ಅಕ್ಕ ಕೂಡಲೇ ಫೋನ್ ಮಾಡಿ, ಯಾವ ಹೆಂಗಸು ಎಂದು ವಿಚಾರಿಸಿದಳು. ಅಂಥ ಫೋನು ಕದ್ದು ಕೇಳುವಾಗ ಮಾತ್ರ ಪಂಡಿತ ಆಗುವುದು ಹೇಗೆ?

ಕುಂಬಳೆ ಮೊಬೈಲ್ ರಿಪೇರಿ:

ಅಣ್ಣ, ಅಂಗಡಿಗೆ ಬರುವವರೆಲ್ಲ ಇದನ್ನೇ ಕೇಳುತ್ತಾರೆ. ದಿನವಿಡೀ ಮಾತು ಕೇಳಿ ಕಳಿಸುತ್ತಿದ್ದರೆ ಡೇಟಾ, ಬ್ಯಾಟರಿ ಎರಡರಲ್ಲೂ ಗೊತ್ತಾಗುತ್ತಿತ್ತು. 2021ರ ಆಂಡ್ರಾಯ್ಡ್ 12ರಿಂದ ಈಚೆಗೆ ಆಪ್ ಮೈಕ್ ಬಳಸಿದರೆ ಮೇಲೆ ಮೂಲೆಯಲ್ಲಿ ಹಸಿರು ಗುರುತು ಬರುತ್ತದೆ. ಐಫೋನಿನಲ್ಲಿ ಕಿತ್ತಳೆ ಚುಕ್ಕೆ.

2018ರಲ್ಲಿ ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದವರು 17 ಸಾವಿರಕ್ಕೂ ಹೆಚ್ಚು ಆಂಡ್ರಾಯ್ಡ್ ಆಪ್‌ಗಳನ್ನು ಪರೀಕ್ಷೆ ಮಾಡಿದ್ದರು. ಮೈಕನ್ನು ಗುಟ್ಟಾಗಿ ಆನ್ ಮಾಡಿ ಮಾತು ಕಳಿಸುವ ಆಪ್ ಒಂದೂ ಸಿಗಲಿಲ್ಲ. ಕೆಲವು ಆಪ್‌ಗಳು ಮಾತ್ರ ಪರದೆಯಲ್ಲಿ ನಾವು ಮಾಡುವುದನ್ನು ರೆಕಾರ್ಡ್ ಮಾಡಿ ಬೇರೆ ಕಂಪನಿಗೆ ಕಳಿಸುತ್ತಿದ್ದವು. ನನಗೆ ಮೈಕಿಗಿಂತ ಜಾಸ್ತಿ ಹೆದರಿಕೆ ಆದದ್ದು ಅದು.

ನಿಮ್ಮ ಕೇಸಿನಲ್ಲಿ ನನ್ನ ಅನುಮಾನ ಭಾವನ ಮೇಲೆ. ಅವರಿಗೆ ಮನೆಯ ವೈಫೈ ಕೊಟ್ಟಿದ್ದಿರಾ? ಒಂದೇ ವೈಫೈ ಅಂದರೆ ಹೊರಗಿನವರಿಗೆ ಕಾಣುವ ಐಪಿ ವಿಳಾಸವೂ (ಇಂಟರ್ನೆಟ್ಟಿನಲ್ಲಿ ಮನೆ ನಂಬರಿನ ಹಾಗೆ) ಒಂದೇ. ಒಬ್ಬರು ಹುಡುಕಿದ್ದು ಇನ್ನೊಬ್ಬರ ಫೋನಿಗೆ ಬರಬಹುದು. ಅದೂ ಅಲ್ಲದೆ, ಬದಿಯಡ್ಕದಲ್ಲಿ ಕೂತು ದಿನಾ ಅಡಿಕೆ ಧಾರಣೆ ನೋಡುವವನಿಗೆ ಸುಲಿಯುವ ಮಿಷನು ಬಿಟ್ಟು ದೋಣಿ ತೋರಿಸುತ್ತಾರಾ?

ಪೆರ್ಲದ ಟೀಚರ್:

ನನ್ನದು ಉಲ್ಟಾ ಕತೆ. ಬೆಳಗ್ಗಿಂದ ಸಂಜೆವರೆಗೆ ಕ್ಲಾಸಿನಲ್ಲಿ ಕನ್ನಡವೇ ಮಾತಾಡುತ್ತೇನೆ, ಫೋನು ಬ್ಯಾಗಿನಲ್ಲೇ ಇರುತ್ತದೆ. ಸೆಟ್ಟಿಂಗ್ಸೂ ಕನ್ನಡದಲ್ಲಿದೆ. ಆದರೂ ನಮ್ಮ ಕಾಸರಗೋಡು ಕೇರಳದಲ್ಲಿ ಅಲ್ವಾ, ಬರುವ ಜಾಹೀರಾತೆಲ್ಲ ಮಲಯಾಳ. ಚಿನ್ನದಂಗಡಿ, ಓಣಂ ಸೀರೆ, ಮತ್ತೆ ಚಿನ್ನದಂಗಡಿ. ಬಸ್ಸು ಗಡಿಯ ತಲಪಾಡಿ ದಾಟಿ ಮಂಗಳೂರಿನಲ್ಲಿ ಎರಡು ದಿನ ಇದ್ದರೆ ಮೆಲ್ಲ ಕನ್ನಡ ಶುರುವಾಗುತ್ತದೆ. ಇದು ಜಾಗ ನೋಡುತ್ತದೆ, ಮಾತು ಕೇಳುವುದಿಲ್ಲ. ಕೇಳಿದ್ದರೆ ಇಷ್ಟು ವರ್ಷದಲ್ಲಿ ನನಗೊಂದು ಕನ್ನಡ ಜಾಹೀರಾತಾದರೂ ಕೊಡಬಾರದಿತ್ತಾ? ಗಡಿನಾಡಿನ ಕನ್ನಡದವಳು ಅಂತ ಫೋನಿಗೆ ಆ ಮೂಲಕವಾದರೂ ಗೊತ್ತಾಗುತ್ತಿತ್ತು.

ಉಪ್ಪಳದ ಸಂಶಯಪ್ರಾಣಿ:

ಕೇಳುವುದೇ ಇಲ್ಲ ಎಂದು ಅಷ್ಟು ಗಟ್ಟಿಯಾಗಿ ಹೇಳಬೇಡಿ. ಐಫೋನಿನಲ್ಲಿ ಮಾತು ಕೇಳಿ ಉತ್ತರ ಕೊಡುವ ಸಿರಿ, 'ಹೇ ಸಿರಿ' ಎಂದು ಕರೆಯದಿದ್ದರೂ ತಪ್ಪಿ ಎಚ್ಚರವಾಗಿ ರೆಕಾರ್ಡ್ ಆದ ಮಾತುಗಳನ್ನು ಗುತ್ತಿಗೆ ಕೆಲಸದವರು ಕೇಳುತ್ತಿದ್ದರು ಎಂದು 2019ರಲ್ಲಿ ಸುದ್ದಿಯಾಗಿತ್ತು. ಅದರ ಮೇಲೆ ಹಾಕಿದ ಮೊಕದ್ದಮೆಯನ್ನು ಮುಗಿಸಲು 2025ರಲ್ಲಿ ಆಪಲ್ 9.5 ಕೋಟಿ ಡಾಲರ್ ಕೊಡಲು ಒಪ್ಪಿತು. ತಪ್ಪು ಮಾತ್ರ ಒಪ್ಪಲಿಲ್ಲ. ಜಾಹೀರಾತಿಗೆ ಬಳಸಿದರೋ ಇಲ್ಲವೋ ಅದು ಬೇರೆ ಮಾತು. ಕಿವಿ ಇರುವುದಂತೂ ನಿಜ ಅಲ್ವಾ?

ಬದಿಯಡ್ಕದ ಅಡಿಕೆಯವ:

ಭಾವನಿಗೆ ಫೋನ್ ಮಾಡಿದೆ. ಮೊದಲು ಇಲ್ಲವೇ ಇಲ್ಲ ಎಂದರು. ಮತ್ತೆ ಮೆಲ್ಲ ಬಾಯಿಬಿಟ್ಟರು. ಅವರಿಗೂ ಸುಲಿಯಲು ಜನ ಸಿಗದೆ ಒಂದು ವಾರದಿಂದ ಅದೇ ಮಿಷನು ಹುಡುಕುತ್ತಿದ್ದರಂತೆ. ನಾನು ಜಗಲಿಯಲ್ಲಿ ಕೇಳಿದಾಗ ತನಗೇನೂ ಗೊತ್ತಿಲ್ಲದವರ ಹಾಗೆ ತಲೆ ಆಡಿಸಿದ್ದರು! ನಮ್ಮ ವೈಫೈ ಪಾಸ್‌ವರ್ಡ್ ಅವರ ಫೋನಿನಲ್ಲಿ ಕಳೆದ ವರ್ಷದ ಪೂಜೆಯ ದಿನದಿಂದಲೇ ಇದೆ. ಊಟ ಆಗಿ ನಾನು ಮಲಗಿದ್ದಾಗ ನಮ್ಮ ವೈಫೈಯಲ್ಲಿ ಅವರು ನೋಡಿದ್ದೂ ಆ ಮಿಷನನ್ನೇ.

ಕುಂಬಳೆಯವರು ಮೈಕ್ ಎಂದದ್ದಕ್ಕೆ ಪರ್ಮಿಷನ್ ಪಟ್ಟಿಯನ್ನೂ ತೆಗೆದು ನೋಡಿದೆ. ಒಂದು ಪಂಚಾಂಗದ ಆಪಿಗೆ ಮೈಕ್, ಲೊಕೇಶನ್, ಕಾಂಟ್ಯಾಕ್ಟ್ಸ್ ಮೂರೂ ಕೊಟ್ಟಿದ್ದೆ. ರಾಹುಕಾಲ ಹೇಳಲು ಅದಕ್ಕೆ ನನ್ನ ಅತ್ತೆಯ ನಂಬರು ಯಾಕೆ? ತೆಗೆದು ಹಾಕಿದೆ. ಮಗ ಬಂದು ಗೂಗಲ್ ಸೆಟ್ಟಿಂಗ್ಸಿನಲ್ಲಿ ಜಾಹೀರಾತಿನವರು ನಮ್ಮ ಫೋನನ್ನು ಗುರುತಿಸುವ ನಂಬರು, ಅಂದರೆ ಜಾಹೀರಾತು ಐಡಿಯನ್ನೂ ಡಿಲೀಟ್ ಮಾಡಿಕೊಟ್ಟ. ಜಾಹೀರಾತು ನಿಲ್ಲುವುದಿಲ್ಲ, ಗುರಿ ಸ್ವಲ್ಪ ತಪ್ಪುತ್ತದೆ ಅಷ್ಟೇ ಎಂದ.

ಮಿಷನು ನಿನ್ನೆ ಬಂತು. ಭಾವನೂ ನಾನೂ ಅರ್ಧರ್ಧ ಹಾಕಿ ಪುತ್ತೂರಿನಿಂದ ರೊಕ್ಕ ಕೊಟ್ಟು ತಂದೆವು. ಫೋನಿಗೆ ಅದು ಗೊತ್ತಾಗಿಲ್ಲ. ಇವತ್ತೂ ಎರಡು ಮಿಷನು ತೋರಿಸಿತು, ಒಂದು ನಾವು ಕೊಟ್ಟದ್ದಕ್ಕಿಂತ ಕಮ್ಮಿ ಬೆಲೆಗೆ. ಭಾವನಿಗೆ ಹೇಳಿಲ್ಲ.