ದರ ಫೈಲಿಂಗ್‌ಗೆ ಆಕ್ಷೇಪಣೆ: ಮೆಮೊದಲ್ಲಿ ಶೇ 6.3, ಸೆರ್ಫ್‌ನಲ್ಲಿ ಶೇ 7.3

ಪ್ರಶ್ನೆ (ಬೆಂಗಳೂರು)

ನಮಸ್ಕಾರ. ಅಮೆರಿಕದ ವಿಮಾ ಕಂಪನಿಗಳ ಪರವಾಗಿ ದರ ಫೈಲಿಂಗ್ (ಹೊಸ ದರಗಳನ್ನು ಆಯಾ ರಾಜ್ಯದ ವಿಮಾ ಇಲಾಖೆಗೆ ಸಲ್ಲಿಸುವ ಕೆಲಸ) ಮಾಡಿಕೊಡುವ ತಂಡಕ್ಕೆ ನಾಲ್ಕು ತಿಂಗಳ ಹಿಂದೆ ಸೇರಿದ್ದೇನೆ. ಕಾರು ವಿಮೆಯ ದರ ಏರಿಕೆಯ ಅರ್ಜಿಯೊಂದನ್ನು ಇಂಥ ಅರ್ಜಿಗಳ ಆನ್‌ಲೈನ್ ವ್ಯವಸ್ಥೆಯಾದ ಸೆರ್ಫ್‌ನಲ್ಲಿ ಸಲ್ಲಿಸಿದ್ದೆವು. ಅರ್ಜಿ ಹೋದದ್ದು ದರ ಏರಿಕೆಗೆ ಪೂರ್ವಾನುಮತಿ ಬೇಕಾದ ರಾಜ್ಯಕ್ಕೆ. ನಿನ್ನೆ ರಾತ್ರಿ ಮೂರು ಅಂಶಗಳ ಆಕ್ಷೇಪಣಾ ಪತ್ರ ಬಂದಿದೆ. ಒಟ್ಟಾರೆ ಏರಿಕೆ ಆಕ್ಚುವರಿಯ (ವಿಮಾ ದರ ಲೆಕ್ಕ ಹಾಕುವ ತಜ್ಞರ) ಮೆಮೊದಲ್ಲಿ ಶೇ 6.3 ಇದ್ದರೆ ಸೆರ್ಫ್‌ನಲ್ಲಿ ನಾವು ತುಂಬಿದ್ದು ಶೇ 7.3. ಗರಿಷ್ಠ ಬದಲಾವಣೆ ಶೇ 10 ಹೇಗೆ ಎಂದು ಕೇಳಿದ್ದಾರೆ. ಕಂಪನಿಯ ಪರವಾಗಿ ಸಲ್ಲಿಸಲು ನಮಗೆ ಕೊಟ್ಟ ಅಧಿಕಾರ ಪತ್ರದಲ್ಲಿ ಸಮೂಹದ ಎರಡನೇ ಕಂಪನಿಯ ಹೆಸರಿಲ್ಲ.

ವಲಯಗಳು ಮೂರು. ಪ್ರೀಮಿಯಂ ಕ್ರಮವಾಗಿ 20, 40 ಮತ್ತು 60 ಲಕ್ಷ ಡಾಲರ್. ಏರಿಕೆ ಶೇ 10, 8 ಮತ್ತು 4. ಮೂರನ್ನೂ ಕೂಡಿಸಿ ಮೂರರಿಂದ ಭಾಗಿಸಿದರೆ 7.33 ಬರುತ್ತದೆಯಲ್ಲವೇ? ಮೆಮೊದ ಅಂಕಿಯನ್ನೇ 7.3 ಎಂದು ತಿದ್ದಿ ಕಳುಹಿಸೋಣ ಎಂದು ತಂಡದ ಹಿರಿಯರು ಹೇಳುತ್ತಿದ್ದಾರೆ. ಇದೇ ಕಡತ ಪಕ್ಕದ ರಾಜ್ಯದಲ್ಲಿ ತಕರಾರಿಲ್ಲದೆ ಹೋಗಿತ್ತು. ಉತ್ತರಕ್ಕೆ ಐದು ದಿನವಿದೆ.

ಉತ್ತರ (ಹಾರ್ಟ್‌ಫರ್ಡ್)

ದಯವಿಟ್ಟು ಮೆಮೊವನ್ನು ಮುಟ್ಟಬೇಡಿ. ಅದು ಆಕ್ಚುವರಿ ಸಹಿ ಮಾಡಿದ ದಾಖಲೆ. ಅದರ ಒಂದು ದಶಮಾಂಶವನ್ನು ಬದಲಿಸುವ ಅಧಿಕಾರವೂ ನಿಮಗಿಲ್ಲ, ನಿಮ್ಮ ಹಿರಿಯರಿಗೂ ಇಲ್ಲ. ಈ ಬಾರಿ ಅದು ಸರಿಯಾಗಿಯೂ ಇದೆ.

ಲೆಕ್ಕವನ್ನು ಹಣದಿಂದ ಮಾಡಿ ನೋಡಿ. 20 ಲಕ್ಷಕ್ಕೆ ಶೇ 10 ಅಂದರೆ 2 ಲಕ್ಷ. 40 ಲಕ್ಷಕ್ಕೆ ಶೇ 8 ಅಂದರೆ 3.2 ಲಕ್ಷ. 60 ಲಕ್ಷಕ್ಕೆ ಶೇ 4 ಅಂದರೆ 2.4 ಲಕ್ಷ. ಒಟ್ಟು 7.6 ಲಕ್ಷ. ಇದನ್ನು 120 ಲಕ್ಷದಿಂದ ಭಾಗಿಸಿದರೆ ಶೇ 6.33. ಅತಿ ಕಡಿಮೆ ಏರಿಕೆ ಇರುವ ವಲಯದಲ್ಲೇ ಅರ್ಧದಷ್ಟು ಪ್ರೀಮಿಯಂ ಇದೆ. ನಿಮ್ಮ ಸರಾಸರಿ ಅದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಪ್ರೀಮಿಯಂನ ಡಾಲರ್ ಬದಲಾವಣೆಯೂ ಅದೇ ಪುಟದಲ್ಲಿರುವುದರಿಂದ ಪರಿಶೀಲಕರು ಒಂದು ಭಾಗಾಕಾರದಲ್ಲಿ ಇದನ್ನು ಹಿಡಿದಿರುತ್ತಾರೆ.

ಒಂದು ಶೇಕಡಾ ಅಂಶದ ವ್ಯತ್ಯಾಸ ಸಣ್ಣದೆಂದು ಭಾವಿಸಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಮತದಾರರು 1988ರಲ್ಲಿ ಅಂಗೀಕರಿಸಿದ ಪ್ರೊಪೊಸಿಷನ್ 103 ಎಂಬ ಕಾನೂನಿನ ಪ್ರಕಾರ, ವೈಯಕ್ತಿಕ ವಿಮೆಯ ಏರಿಕೆ ಶೇ 7 ದಾಟಿದಾಗ ಗ್ರಾಹಕರು ಗಡುವಿನೊಳಗೆ ಕೋರಿದರೆ ವಿಚಾರಣೆ ನಡೆಸಲೇಬೇಕು. ಅಲ್ಲಿ 6.3 ಮತ್ತು 7.3 ಗೆರೆಯ ಎರಡು ಬದಿಗಳು.

ಪಕ್ಕದ ರಾಜ್ಯದ ಮಾತು: ವಿಮೆಯ ನಿಯಂತ್ರಣವನ್ನು 1945ರ ಮೆಕ್ಯಾರನ್–ಫರ್ಗುಸನ್ ಕಾಯ್ದೆ ರಾಜ್ಯಗಳ ಕೈಯಲ್ಲೇ ಉಳಿಸಿತು. ಕೆಲವು ಕಡೆ ಒಪ್ಪಿಗೆ ಸಿಕ್ಕ ಮೇಲಷ್ಟೇ ದರ ಜಾರಿ. ಕೆಲವು ಕಡೆ ಸಲ್ಲಿಸಿದ ಕೂಡಲೇ ಜಾರಿ, ಇನ್ನು ಕೆಲವೆಡೆ ಜಾರಿ ಮಾಡಿ ಆಮೇಲೆ ಸಲ್ಲಿಸಬಹುದು. ಅಲ್ಲಿ ಯಾರೂ ಕೇಳಲಿಲ್ಲ ಎಂದ ಮಾತ್ರಕ್ಕೆ ಅಂಕಿ ಸರಿಯಾಗಿತ್ತು ಎಂದಲ್ಲ. ಅಲ್ಲಿಯೂ ಇದನ್ನೇ ತುಂಬಿದ್ದರೆ ಕಂಪನಿಗೆ ಇಂದೇ ತಿಳಿಸಿ.

ಗರಿಷ್ಠ ಬದಲಾವಣೆ ಎಂದರೆ ಒಬ್ಬ ಪಾಲಿಸಿದಾರನಿಗೆ ಆಗುವ ಅತಿ ದೊಡ್ಡ ಏರಿಕೆ, ವಲಯದ ಏರಿಕೆಯಲ್ಲ. ವಲಯದ ದರದ ಜೊತೆಗೆ ಬೇರೇನಾದರೂ ಬದಲಾಗಿದೆಯೇ?

ಪ್ರಶ್ನಿಸಿದವರು

ನಿಯಮ ಪುಟಗಳನ್ನು ಮತ್ತೆ ನೋಡಿದೆ. 25 ವರ್ಷದೊಳಗಿನ ಚಾಲಕರ ದರವನ್ನು ಗುಣಿಸುವ ಅಂಶ ಶೇ 5 ಏರಿದೆ, ಉಳಿದವರದು ಶೇ 1 ಇಳಿದಿದೆ. ಒಟ್ಟು ಮೊತ್ತಕ್ಕೆ ವ್ಯತ್ಯಾಸವಾಗದಂತೆ ಹೊಂದಿಸಲಾಗಿದೆ ಎಂದು ಮೆಮೊದಲ್ಲಿ ಬರೆದಿದೆ.

ಉತ್ತರ (ಹಾರ್ಟ್‌ಫರ್ಡ್)

ಹಾಗಾದರೆ 1.10 × 1.05 = 1.155. ಮೊದಲ ವಲಯದ ಒಬ್ಬ ಯುವ ಚಾಲಕನಿಗೆ ಶೇ 15.5 ಏರಿಕೆ ಬೀಳುತ್ತದೆ. ಕನಿಷ್ಠವೂ ಶೇ 4 ಅಲ್ಲ, 1.04 × 0.99 ಮಾಡಿದರೆ ಸುಮಾರು ಶೇ 3. ಸಾವಿರ ಡಾಲರ್ ಕಟ್ಟುತ್ತಿದ್ದ ಹುಡುಗನೊಬ್ಬ ಇನ್ನು 1,155 ಕಟ್ಟಬೇಕು. ಗರಿಷ್ಠ ಬದಲಾವಣೆಯ ಅಂಕಣ ಇರುವುದು ಅವನಿಗಾಗಿ. ಈ ಎರಡೂ ಅಂಕಿಗಳನ್ನು ಆಕ್ಚುವರಿಯಿಂದ ಲಿಖಿತವಾಗಿ ಖಚಿತಪಡಿಸಿಕೊಂಡೇ ತುಂಬಿ.

ಹೊಸ ಫೈಲಿಂಗ್ ಬೇಡ. ದರದ ಅಂಕಿಗಳಿಗೆ ಪೋಸ್ಟ್ ಸಬ್ಮಿಷನ್ ಅಪ್‌ಡೇಟ್ (ಸಲ್ಲಿಸಿದ ಮೇಲಿನ ತಿದ್ದುಪಡಿ) ಕೋರಿಕೆ ಹಾಕಿ. ರಾಜ್ಯ ಅನುಮತಿಸಿದ ಮೇಲೆ ಅಂಕಿ ಬದಲಾಗುತ್ತದೆ. ಆಕ್ಷೇಪಣೆಗೆ ಉತ್ತರ ಪತ್ರವನ್ನು ಪ್ರತ್ಯೇಕವಾಗಿ ಕಳುಹಿಸಿ. ಅದರಲ್ಲಿ "ಸರಾಸರಿಯನ್ನು ತಪ್ಪಾಗಿ ತೆಗೆದಿದ್ದೆವು" ಎಂದು ನೇರವಾಗಿ ಬರೆಯಿರಿ.

ಉತ್ತರ (ಮೈಸೂರು)

ಅಧಿಕಾರ ಪತ್ರದ ಬಗ್ಗೆ: ಅದು ವಿಮಾ ಕಂಪನಿಯ ಲೆಟರ್‌ಹೆಡ್‌ನಲ್ಲಿಯೇ ಇರಬೇಕು, ಸಹಿ ಕಂಪನಿಯ ಅಧಿಕಾರಿಯದೇ ಆಗಿರಬೇಕು. ಎರಡೂ ಕಂಪನಿಗಳ ಪೂರ್ಣ ಹೆಸರು, ಎನ್‌ಎಐಸಿ (ರಾಜ್ಯಗಳ ವಿಮಾ ನಿಯಂತ್ರಕರ ಸಂಘ) ಕೊಟ್ಟ ಸಂಖ್ಯೆ ಮತ್ತು ನಿಮ್ಮ ಸಂಸ್ಥೆಯ ಈಗಿನ ಹೆಸರು ಹಾಕಿಸಿ. ನಮ್ಮಲ್ಲಿ ಒಮ್ಮೆ ಹಳೆಯ ಪತ್ರವನ್ನೇ ಲಗತ್ತಿಸಿ ಮೂರು ವಾರ ಕಳೆದುಕೊಂಡಿದ್ದೆವು.

ಪ್ರಶ್ನಿಸಿದವರು

ಆಕ್ಚುವರಿ 6.3, 15.5 ಮತ್ತು 3.0 ಎಂದು ಮಿಂಚಂಚೆಯಲ್ಲೇ ಖಚಿತಪಡಿಸಿದರು. ಅಪ್‌ಡೇಟ್ ಕೋರಿಕೆಗೆ ರಾಜ್ಯದಿಂದ ಅನುಮತಿ ಬಂದಿದೆ. ಪಕ್ಕದ ರಾಜ್ಯದ ವಿಷಯವನ್ನೂ ಕಂಪನಿಗೆ ತಿಳಿಸಿದ್ದೇವೆ. ಇನ್ನು ಅಧಿಕಾರ ಪತ್ರದ ಸಹಿಯೊಂದು ಬಾಕಿ. ಅವರ ಕಚೇರಿ ತೆರೆಯುವಾಗ ಇಲ್ಲಿ ಸಂಜೆ ಆರೂವರೆ; ಇಂದು ಅದು ಬರುವವರೆಗೆ ಕಾಯುತ್ತೇನೆ.