ಸೆಕ್ಷನ್ 21 ನೋಟಿಸ್ ಬಂದಿದೆ, ಕೌನ್ಸಿಲ್ (ಸ್ಥಳೀಯ ಆಡಳಿತ) ಹತ್ರ ಯಾವಾಗ ಹೋಗ್ಬೇಕು? ಗೊತ್ತಿರೋರು ಹೇಳಿ

ಹೇಮಾವತಿ_ತೀರ
ಎಲ್ಲರಿಗೂ ನಮಸ್ಕಾರ. ಪಶ್ಚಿಮ ಲಂಡನ್‌ನಲ್ಲಿ ಎರಡು ಬೆಡ್‌ರೂಮಿನ ಬಾಡಿಗೆ ಮನೆ, ನಾಲ್ಕು ವರ್ಷದಿಂದ ಇದ್ದೀವಿ. ಓನರ್ ಮನೆ ಮಾರ್ತಾರಂತೆ. ಕಾರಣ ಕೊಡದೆ ಮನೆ ಬಿಡಿಸೋ ಸೆಕ್ಷನ್ 21 ನೋಟಿಸ್ (ಫಾರ್ಮ್ 6ಎ) ಕೈಗೆ ಬಂದಿದ್ದು 20 ಜನವರಿ 2026, ಬಿಡಬೇಕಾದ ದಿನ 25 ಮಾರ್ಚ್. ನನಗೂ ಮಕ್ಕಳಿಗೂ (9 ಮತ್ತು 4 ವರ್ಷ) ಐಎಲ್ಆರ್, ಅಂದ್ರೆ ಇಲ್ಲಿ ಕಾಯಂ ಇರೋ ಅನುಮತಿ ಇದೆ. ಯಜಮಾನ್ರದು ಇನ್ನೂ ಪಬ್ಲಿಕ್ ಫಂಡ್ಸ್ (ಸರ್ಕಾರಿ ನೆರವು) ಇಲ್ಲದ ವೀಸಾ. ಬಾಡಿಗೆ ಬಾಕಿ ಒಂದು ಪೆನ್ನಿ ಇಲ್ಲ. ಬೆಂಗಳೂರಲ್ಲಿ ಅವರ ಹೆಸರಲ್ಲಿ ಒಂದು 30-40 ಸೈಟ್ ಖಾಲಿ ಬಿದ್ದಿದೆ, ಅದನ್ನೂ ಹೇಳ್ಬೇಕಾ?

ರೀಡಿಂಗ್_ರಾಗಿಮುದ್ದೆ
ಅಕ್ಕ, ಮಾರ್ಚ್ ತನಕ ಕಾಯ್ಬೇಡಿ, ಇವತ್ತೇ ಹೋಗಿ. 56 ದಿನದ ಒಳಗೆ ಮುಗಿಯೋ ಸರಿಯಾದ ಸೆಕ್ಷನ್ 21 ಕೈಲಿದ್ರೆ ಕಾನೂನಿನ ಲೆಕ್ಕದಲ್ಲಿ ನೀವು ಆಗಲೇ ‘ಮನೆ ಕಳೆದುಕೊಳ್ಳುವ ಭಯದಲ್ಲಿರೋರು’. 3 ಏಪ್ರಿಲ್ 2018ರಿಂದ ಇದು ಕೌನ್ಸಿಲ್ ಮೇಲಿನ ಹೊಣೆ, ಮನೆ ಹೋಗದ ಹಾಗೆ ತಡೆಯೋ ಆ ಹೊಣೆಗೆ ಪ್ರಿವೆನ್ಷನ್ ಡ್ಯೂಟಿ ಅಂತಾರೆ. ಕೌಂಟರಲ್ಲಿ ಕೂತೋರು ‘ಬೇಲಿಫ್ (ಮನೆ ಖಾಲಿ ಮಾಡಿಸೋ ಕೋರ್ಟ್ ಅಧಿಕಾರಿ) ಡೇಟ್ ಬಂದ್ಮೇಲೆ ಬನ್ನಿ’ ಅಂತ ವಾಪಸ್ ಕಳಿಸೋದು ಇದ್ದದ್ದೇ. ಫೋನಲ್ಲಿ ಮಾತಾಡಿ ಸುಮ್ನಾದ್ರೆ ಯಾವ ದಾಖಲೆಯೂ ಉಳಿಯಲ್ಲ, ಇಮೇಲ್ ಹಾಕಿ. ಒಂದೇ ಸಾಲು ಸಾಕು: ‘ಹೌಸಿಂಗ್ ಆ್ಯಕ್ಟ್ 1996ರ ಪಾರ್ಟ್ 7 ಅಡಿ ಅರ್ಜಿ ಹಾಕುತ್ತಿದ್ದೇನೆ.’ ಜೊತೆಗೆ ನೋಟಿಸ್, ಟೆನೆನ್ಸಿ ಅಗ್ರಿಮೆಂಟ್, ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಸಂಬಳದ ಚೀಟಿ, ಮಕ್ಕಳ ಬರ್ತ್ ಸರ್ಟಿಫಿಕೇಟ್, ಇವೀಸಾ ಶೇರ್ ಕೋಡ್ (ವೀಸಾ ಆನ್‌ಲೈನಲ್ಲಿ ತೋರಿಸೋ ಕೋಡ್), ಸ್ಕೂಲಿನ ಪತ್ರ.

ಅರ್ಜಿ ನಿಮ್ಮ ಹೆಸರಲ್ಲೇ ಇರಲಿ, ಯಜಮಾನ್ರ ಹೆಸರಲ್ಲಿ ಬೇಡ. ಅವರು ಅರ್ಹರಲ್ಲ, ನೀವು ಅರ್ಹರು. ಪ್ರಯಾರಿಟಿ ನೀಡ್ (ವಸತಿಗೆ ಆದ್ಯತೆ ಸಿಗೋ ಅರ್ಹತೆ) ಮಕ್ಕಳಿಂದಲೇ ಬರುತ್ತೆ.

ಪರ್ಸನಲ್ ಹೌಸಿಂಗ್ ಪ್ಲಾನ್ ಅಂತ ಒಂದು ಪತ್ರ ಬರೀತಾರೆ. ‘ವಾರಕ್ಕೆ ಹತ್ತು ಏಜೆಂಟರಿಗೆ ಫೋನ್ ಮಾಡುತ್ತೇನೆ’ ಅಂತೆಲ್ಲ ನಿಮ್ಮ ತಲೆಗೆ ಕಟ್ಟಿ, ತಮ್ಮ ಪಾಲಿಗೆ ‘ಸಲಹೆ ನೀಡುವುದು’ ಅಂತಷ್ಟೇ ಹಾಕ್ಕೊಂಡಿದ್ರೆ ತಿದ್ದಿಸಿ. ಓನರ್ ಜೊತೆ ಮಾತಾಡೋದು, ಹೊಸ ಮನೆಯ ಡಿಪಾಸಿಟ್‌ಗೆ ಸಹಾಯ, ಎರಡೂ ಬರವಣಿಗೆಯಲ್ಲಿ ಇರ್ಬೇಕು.

ಬೆಳಗಾವಿ_ಕುಂದಾ
ಅರ್ಜಿ ಹಾಕ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಮಾರ್ಚ್ 25ಕ್ಕ ಗಂಟುಮೂಟೆ ಕಟ್ಟಬ್ಯಾಡ್ರಿ! ನೋಟಿಸ್ ಮುಗೀತು ಅಂದ್ರ ಬಾಡಿಗೆ ಒಪ್ಪಂದ ಮುಗೀತು ಅಂತಲ್ಲ. ಓನರ್ ಕೋರ್ಟಿಗೆ ಹೋಗಬೇಕು. ಕೋರ್ಟಿನಿಂದ ಎನ್11ಬಿ ಫಾರ್ಮ್ ಬರ್ತದ, ಉತ್ತರಕ್ಕ 14 ದಿನ. ಆಮ್ಯಾಲೆ ಆರ್ಡರ್, ಸಾಮಾನ್ಯವಾಗಿ 14 ದಿನದ್ದು, ಭಾಳ ಕಷ್ಟ ಅಂತ ತೋರಿಸಿದ್ರ ಆರು ವಾರದ ತನಕ. ಅದಕ್ಕೂ ಬಿಡದಿದ್ರ ಬೇಲಿಫ್, ಅವರೂ ಎನ್54 ಅಂತ 14 ದಿನದ ನೋಟಿಸ್ ಕೊಡಬೇಕು. ತಾವಾಗೇ ಮನಿ ಬಿಟ್ಟು ಹ್ವಾದ್ರ ‘ಬೇಕಂತಲೇ ಮನೆ ಕಳಕೊಂಡ್ರು’ ಅಂತ ಬರೆದು ಕೈ ತೊಳ್ಕೋತಾರ. ನಾವು ಬೇಲಿಫ್ ಬರೂತನಕ ಇದ್ವಿ, ಮಾಡಿದ್ದು ಸರಿ ಅಂತ ಇವತ್ತಿಗೂ ಅಂತೀನಿ.

ಮೊದಲ ನೋಟಿಸ್ ಖರೇ ಅದನೋ ಇಲ್ಲೋ ನೋಡ್ರಿ. ಡಿಪಾಸಿಟ್ 30 ದಿನದಾಗ ಅದನ್ನ ಕಾಯೋ ಸರ್ಕಾರ ಒಪ್ಪಿದ ಸ್ಕೀಮಿಗೆ ಹಾಕ್ಯಾರಾ? ಡಿಪಿಎಸ್, ಮೈಡಿಪಾಸಿಟ್ಸ್, ಟಿಡಿಎಸ್ ಮೂರರ ವೆಬ್‌ಸೈಟಿನಾಗೂ ಹುಡುಕ್ರಿ. ಗ್ಯಾಸ್ ಸರ್ಟಿಫಿಕೇಟ್, ಇಪಿಸಿ (ಮನಿಯ ಇಂಧನ ದಕ್ಷತೆಯ ಪತ್ರ), ‘ಹೌ ಟು ರೆಂಟ್’ ಪುಸ್ತಿಕೆ ಕೊಟ್ಟಾರಾ? ಡಿಪಾಸಿಟ್ ಹಾಕಿರದಿದ್ರ ಆ ನೋಟಿಸ್ ನಡೆಯಂಗಿಲ್ಲ, ಮ್ಯಾಲೆ ಡಿಪಾಸಿಟ್ಟಿನ ಒಂದರಿಂದ ಮೂರು ಪಟ್ಟು ದಂಡ ಕೇಳಬಹುದು. ಓನರ್ 31 ಜುಲೈ ತನಕ ಕೋರ್ಟಿಗೆ ಹೋಗಬಹುದು, ಆಮ್ಯಾಲೆ ಈ ನೋಟಿಸ್ ರದ್ದಿ ಕಾಗದ.

ಬಾಡಿಗೆ_ಸಾಕಪ್ಪ
ಕುಂದಾ ಅವರೇ, ಅರ್ಧಂಬರ್ಧ ಹೇಳಿ ಜನರನ್ನ ಮುಳುಗಿಸ್ಬೇಡಿ. 1 ಮೇ 2026ಕ್ಕೆ ಸೆಕ್ಷನ್ 21 ರದ್ದಾಗುತ್ತೆ, ಹಳೇ ನೋಟಿಸ್‌ಗಳಿಗೆ 31 ಜುಲೈ ಕಡೇ ದಿನ ನಿಜ. ಆದ್ರೆ ನೋಟಿಸ್ ಕೊಟ್ಟು ಆರು ತಿಂಗಳು ಅನ್ನೋ ಹಳೇ ನಿಯಮವೂ ಇದೆ, ಎರಡರಲ್ಲಿ ಯಾವುದು ಮೊದಲೋ ಅದು. ಇವರಿಗೆ ಜುಲೈ 19ರ ಲೆಕ್ಕ.

ಬೇಲಿಫ್ ತನಕ ಕೂತ್ರೆ ಖರ್ಚು ಯಾರದ್ದು? ಕೋರ್ಟ್ ಫೀಸ್ 404 ಪೌಂಡ್, ಮೇಲೆ ವಕೀಲರ ನಿಗದಿ ಖರ್ಚು, ಸಾಮಾನ್ಯವಾಗಿ ಎಲ್ಲ ಬಾಡಿಗೆದಾರರ ತಲೆಗೇ. ಅದೂ ಅಲ್ಲದೆ ಸರ್ಕಾರದ ಕೋಡ್ ಆಫ್ ಗೈಡೆನ್ಸ್‌ನ 6ನೇ ಅಧ್ಯಾಯ ಓದಿ: ಕುಟುಂಬವನ್ನ ಬೇಲಿಫ್ ಬಂದು ಹೊರಹಾಕೋ ಮಟ್ಟಕ್ಕೆ ಬಿಡಬಾರದು ಅಂತ ಕೌನ್ಸಿಲ್‌ಗೇ ಹೇಳಿದೆ. ಅದನ್ನ ಇಮೇಲಲ್ಲಿ ಎತ್ತಿ ತೋರಿಸಿ. ಹೊರಡೋದಾದ್ರೆ ‘ಈ ದಿನ ಬಿಡಬಹುದು’ ಅಂತ ಆಫೀಸರ್ ಬರೆದು ಕೊಟ್ಟ ಮೇಲೆ ಹೊರಡಿ, ಬಾಯಿಮಾತು ನಂಬಬೇಡಿ.

‘ನಿಮ್ಮ 56 ದಿನ ಆಯ್ತು, ಕೇಸ್ ಮುಚ್ತೀವಿ’ ಅಂತ ಪತ್ರ ಬಂದ್ರೆ ಒಪ್ಕೋಬೇಡಿ. ಸೆಕ್ಷನ್ 21 ಕೇಸಿನಲ್ಲಿ ಬರೀ ದಿನ ಕಳೀತು ಅನ್ನೋ ಕಾರಣಕ್ಕೆ ಪ್ರಿವೆನ್ಷನ್ ಡ್ಯೂಟಿ ಮುಗಿಸೋ ಹಾಗಿಲ್ಲ.

ಬೆಳಗಾವಿ_ಕುಂದಾ
404 ಪೌಂಡ್ ಲೆಕ್ಕ ಹೇಳ್ತೀರಿ, ಮನಿ ಬಿಟ್ಟ ಮ್ಯಾಲೆ ಕೌನ್ಸಿಲ್‌ನವರು ಇಡೋ ಹೋಟೆಲ್ ರೂಮಿನಾಗ ಹೊರಗಿನ ಊಟಕ್ಕ ಎಷ್ಟು ಹೋಗ್ತದ ಅಂತ ಯಾಕ ಹೇಳಂಗಿಲ್ರಿ? ಮನಿಯೊಳಗ ಇದ್ದಷ್ಟು ದಿನ ಅಡಗಿಮನಿ ಇರ್ತದ.

ಬಾಡಿಗೆ_ಸಾಕಪ್ಪ
ಅದನ್ನೂ ಹೇಳ್ತೀನಿ, ಕೇಳಿ. ಅಡಿಗೆಮನೆ ಇಲ್ಲದ ಅಥವಾ ಬೇರೆಯವರ ಜೊತೆ ಹಂಚ್ಕೋಬೇಕಾದ ರೂಮು ಬಿ ಆ್ಯಂಡ್ ಬಿ ಲೆಕ್ಕಕ್ಕೆ ಬರುತ್ತೆ. ಮಕ್ಕಳಿರೋ ಕುಟುಂಬವನ್ನ ಅಲ್ಲಿ ಆರು ವಾರಕ್ಕಿಂತ ಹೆಚ್ಚು ಇಡೋ ಹಾಗಿಲ್ಲ. ಕೌನ್ಸಿಲ್‌ನ ಸ್ವಂತ ಹಾಸ್ಟೆಲ್ ಆದ್ರೆ ಈ ಮಿತಿ ಇಲ್ಲ, ಬಹಳ ಜನ ಎಡವೋದು ಇಲ್ಲೇ. ಸೇರಿದ ದಿನಾಂಕ ಬರೆದಿಟ್ಟು ಐದನೇ ವಾರಕ್ಕೇ ಜ್ಞಾಪಿಸಿ. ರೂಮಲ್ಲಿ ಕುಕ್ಕರ್ ಇಡೋ ಆಸೆ ಬಿಡಿ, ಮೂರನೇ ಸೀಟಿಗೆ ಫೈರ್ ಅಲಾರ್ಮ್.

ಇನ್ನೊಂದು ದೊಡ್ಡ ಹಳ್ಳ: ತಾತ್ಕಾಲಿಕ ವಸತಿಯ ಬಾಡಿಗೆಯನ್ನ ಯುನಿವರ್ಸಲ್ ಕ್ರೆಡಿಟ್‌ನಲ್ಲಿ (ಕಡಿಮೆ ಆದಾಯದವರಿಗೆ ಸರ್ಕಾರ ಕೊಡೋ ಮಾಸಿಕ ನೆರವು) ಕೇಳಿದ್ರೆ ಬರಲ್ಲ. ಅದಕ್ಕೆ ಕೌನ್ಸಿಲ್‌ಗೇ ಬೇರೆ ಹೌಸಿಂಗ್ ಬೆನಿಫಿಟ್ ಅರ್ಜಿ, ಸೇರಿದ ವಾರವೇ. ತಡ ಆಯ್ತು ಅಂದ್ರೆ ಬಾಕಿ ಬೆಳೆದು, ‘ಬಾಡಿಗೆ ಕಟ್ಟಿಲ್ಲ’ ಅಂತ ಅಲ್ಲಿಂದಲೂ ಎಬ್ಬಿಸ್ತಾರೆ. ಬಿಸಿನೀರು, ಕರೆಂಟಿನ ಸರ್ವಿಸ್ ಚಾರ್ಜ್ ಬೆನಿಫಿಟ್‌ನಲ್ಲಿ ಬರಲ್ಲ, ಕೈಯಿಂದಲೇ. ಸಾಮಾನಿಗೆ ನೀವೇ ಸ್ಟೋರೇಜ್ ಬುಕ್ ಮಾಡೋ ಮುಂಚೆ ಕೌನ್ಸಿಲ್‌ಗೆ ಸೆಕ್ಷನ್ 211 ಹೇಳಿ. ಬೇರೆ ದಾರಿ ಇಲ್ಲದಾಗ ಸಾಮಾನು ಕಾಪಾಡೋದೂ ಅವರ ಕೆಲಸ, ಸ್ವಲ್ಪ ಶುಲ್ಕ ಹಾಕ್ತಾರೆ.

ಗ್ಲಾಸ್ಗೋ_ಗೌಡ
ಏನ್ರಪ್ಪಾ ಇಷ್ಟೊಂದು ತಲೆ ಕೆಡಿಸ್ಕೊಂಡಿದ್ದೀರಾ! ಪ್ರಯಾರಿಟಿ ನೀಡ್ ಅನ್ನೋದನ್ನ 2012ರ ಕೊನೆಗೇ ತೆಗೆದು ಬಿಸಾಕಿದ್ರು ಕಣ್ರೀ. ಲೋಕಲ್ ಕನೆಕ್ಷನ್ನೂ (ಆ ಊರಿನ ನಂಟು) 2022ರ ನವೆಂಬರ್‌ನಿಂದ ಕೇಳಂಗಿಲ್ಲ. ಹೋಟ್ಲಲ್ಲಿ ಇಟ್ರೆ ಏಳು ದಿನ ಅಷ್ಟೇ. ಧೈರ್ಯವಾಗಿ ಹೋಗಮ್ಮ.

ರೀಡಿಂಗ್_ರಾಗಿಮುದ್ದೆ
ಗೌಡ್ರೇ, ಅದು ಸ್ಕಾಟ್ಲೆಂಡ್! ಅಕ್ಕ ಇರೋದು ಲಂಡನ್. ಇಲ್ಲಿ ಪ್ರಯಾರಿಟಿ ನೀಡೂ ಇದೆ, ಲೋಕಲ್ ಕನೆಕ್ಷನ್ನೂ ಇದೆ: ಹಿಂದಿನ 12 ತಿಂಗಳಲ್ಲಿ 6 ತಿಂಗಳು, ಇಲ್ಲಾ 5 ವರ್ಷದಲ್ಲಿ 3 ವರ್ಷ ಅದೇ ಪ್ರದೇಶದಲ್ಲಿ ವಾಸ. ದಯವಿಟ್ಟು ದೇಶ ನೋಡ್ಕೊಂಡು ಸಲಹೆ ಕೊಡಿ.

ಗ್ಲಾಸ್ಗೋ_ಗೌಡ
ಒಳ್ಳೇದು ಹೇಳೋಕ್ ಬಂದ್ರೆ ಪಾಠ ಮಾಡ್ತೀಯಲ್ಲಪ್ಪ. ನಿಮ್ಮ ಇಂಗ್ಲೆಂಡೇ ಸರಿಯಿಲ್ಲ ಅನ್ನು.

ಜೋಳದ_ರೊಟ್ಟಿ_88
ನನಗೊಂದು ಅನುಮಾನ. ದುಡಿಯೋ ಜನ ಕೌನ್ಸಿಲ್ ಬಾಗಿಲಿಗೆ ಹೋಗೋದು ಮರ್ಯಾದೆನಾ? ಇನ್ನೂ ಇನ್ನೂರು ಪೌಂಡ್ ಹಾಕಿ ದೂರದ ಊರಲ್ಲಿ ಮನೆ ಹಿಡಿಯಿರಿ. ಸೈಟಿನ ವಿಷಯ ಮಾತ್ರ ಬಾಯಿ ಬಿಡ್ಬೇಡಿ, ಅವರಿಗೆ ಗೊತ್ತಾಗೋದಾದ್ರೂ ಹೇಗೆ?

ಬಾಡಿಗೆ_ಸಾಕಪ್ಪ
ಮರ್ಯಾದೆ ಪಾಠ ಮಾಡಿ ಮುಂದಿನ ಸಾಲಿಗೇ ಸುಳ್ಳು ಹೇಳೋಕೆ ಕಲಿಸ್ತೀರಲ್ಲ! ಸೆಕ್ಷನ್ 214: ಗೊತ್ತಿದ್ದೂ ಸುಳ್ಳು ಹೇಳಿದ್ರೆ, ಮುಚ್ಚಿಟ್ರೆ ಅಪರಾಧ. ಹಾಗೆ ಮುಚ್ಚಿಡೋ ಅಗತ್ಯವೂ ಇಲ್ಲ. ಕಾನೂನು ಕೇಳೋದು ‘ಯುಕೆಯಲ್ಲಿ ಅಥವಾ ಬೇರೆಲ್ಲಾದರೂ ವಾಸಕ್ಕೆ ಮನೆ ಇದೆಯಾ’ ಅಂತ. ಖಾಲಿ ಸೈಟು ಮನೆ ಅಲ್ಲ, ಅಲ್ಲಿ ಮಲಗೋಕಾಗುತ್ತಾ? ಬೀಗ ಹಾಕಿದ ಫ್ಲ್ಯಾಟ್ ಇದ್ದಿದ್ರೆ ಅದು ಬೇರೆ ಪ್ರಶ್ನೆ, ಕುಟುಂಬ ಅಲ್ಲಿ ಹೋಗಿ ಬದುಕೋದು ನ್ಯಾಯವಾ ಅಂತ ವಾದ ಮಾಡ್ಬೇಕಾಗ್ತಿತ್ತು.

ಸೈಟು ಕಚ್ಚೋದು ಬೆನಿಫಿಟ್‌ನಲ್ಲಿ. ಅಕ್ಕ ಒಬ್ಬರೇ ಕ್ಲೇಮ್ ಹಾಕಿದ್ರೂ ಗಂಡನ ಆಸ್ತಿ ಲೆಕ್ಕಕ್ಕೆ ಸೇರುತ್ತೆ. 16,000 ಪೌಂಡ್ ಮೀರಿದ್ರೆ ಯುನಿವರ್ಸಲ್ ಕ್ರೆಡಿಟ್ ಇಲ್ಲ, ಹೌಸಿಂಗ್ ಬೆನಿಫಿಟ್ ಕೂಡ ಹಾಗೇ. ಅಂದ್ರೆ ತಾತ್ಕಾಲಿಕ ವಸತಿಯ ಬಾಡಿಗೆ ನಿಮ್ಮ ಜೇಬಿಂದಲೇ. ಆಗ ‘ಇದು ನಮಗೆ ಕೈಗೆಟುಕೋ ಬಾಡಿಗೆ ಅಲ್ಲ’ ಅಂತ ಆದಾಯ-ಖರ್ಚಿನ ಪಟ್ಟಿ ಕೊಡಿ. ಕೈಗೆಟುಕದ ಜಾಗ ಕಾನೂನಿನಲ್ಲಿ ಸೂಕ್ತ ಜಾಗ ಅಲ್ಲ.

ರೀಡಿಂಗ್_ರಾಗಿಮುದ್ದೆ
ಮರೆಯೋ ಮುಂಚೆ ಇನ್ನೊಂದು, ಅಕ್ಕ. ಕೌನ್ಸಿಲ್ ಮೇನ್ ಡ್ಯೂಟಿ (ವಸತಿ ಕೊಡಲೇಬೇಕಾದ ಹೊಣೆ) ಒಪ್ಪಿದ ಮೇಲೆ ದೂರದ ಊರಲ್ಲಿ ಜಾಗ ಕೊಟ್ರೆ ಸಿಟ್ಟಲ್ಲಿ ಬೇಡ ಅನ್ಬೇಡಿ. ಸೂಕ್ತ ಜಾಗ ಒಂದು ಸಲ ಬೇಡ ಅಂದ್ರೆ ಅವರ ಹೊಣೆ ಮುಗೀತು. ಜಾಗಕ್ಕೆ ಸೇರಿ, ಅದರ ಜೊತೆಗೇ ರಿವ್ಯೂ ಕೇಳಿ, ಸೆಕ್ಷನ್ 202, ತೀರ್ಮಾನ ಗೊತ್ತಾದ ದಿನದಿಂದ 21 ದಿನ. ಅಲ್ಲೂ ಸೋತ್ರೆ ಕೌಂಟಿ ಕೋರ್ಟಿಗೆ ಮತ್ತೆ 21 ದಿನ. ನೋಟಿಸ್ ಕೈಲಿದ್ರೆ ಆದಾಯ ನೋಡದೆ ಉಚಿತ ಕಾನೂನು ಸಲಹೆ ಕೊಡೋ ಸರ್ಕಾರಿ ವ್ಯವಸ್ಥೆ 2023ರ ಆಗಸ್ಟ್‌ನಿಂದ ಇದೆ, ಎಚ್‌ಎಲ್‌ಪಿಎಎಸ್ ಅಂತ. ಈ ವಾರವೇ ಬಳಸ್ಕೊಳ್ಳಿ.

ಹೇಮಾವತಿ_ತೀರ
ತುಂಬಾ ಥ್ಯಾಂಕ್ಸ್. ಇಮೇಲ್ ಹಾಕಿದೆ. ಡಿಪಿಎಸ್‌ನಲ್ಲಿ ಡಿಪಾಸಿಟ್ ಸಿಕ್ತು, ದಿನಾಂಕ ಮಾತ್ರ ಮನೆಗೆ ಬಂದ 43ನೇ ದಿನದ್ದು.

ಬೆಳಗಾವಿ_ಕುಂದಾ
ನೋಡ್ರಿ! ನಾ ಹೇಳಿದ್ನಿಲ್ಲೋ? 30 ದಾಟ್ಯದ! ಡಿಪಾಸಿಟ್ ವಾಪಸ್ ಕೊಡದನ ಕೊಟ್ಟ ಆ ನೋಟಿಸ್ ನಿಲ್ಲಂಗಿಲ್ಲ. ವಕೀಲರಿಗೆ ತೋರಿಸೂತನಕ ಓನರ್‌ಗ ಹೇಳಬ್ಯಾಡ್ರಿ, ಹೇಳಿದ್ರ ರೊಕ್ಕ ವಾಪಸ್ ಕೊಟ್ಟು ಏಪ್ರಿಲ್ 30ರ ಒಳಗ ಹೊಸಾ ನೋಟಿಸ್ ಬರೀತಾನ.

ಜೋಳದ_ರೊಟ್ಟಿ_88
ಅದಿರ್ಲಿ, ಸೈಟಿನ ಬೆಲೆ ಯಾವುದು ತಗೋತಾರೆ? ಗೈಡೆನ್ಸ್ ವ್ಯಾಲ್ಯೂನಾ, ಮಾರ್ಕೆಟ್ ರೇಟಾ?

ಬಾಡಿಗೆ_ಸಾಕಪ್ಪ
ಮಾರ್ಕೆಟ್ ರೇಟು. ಮಾರೋ ಖರ್ಚಿಗೆ ಶೇ. 10 ಕಳೀತಾರೆ, ಅದರ ಮೇಲೆ ಸಾಲ ಇದ್ರೆ ಅದನ್ನೂ. ಅಣ್ಣತಮ್ಮಂದಿರ ಜಂಟಿ ಆಸ್ತಿ ಆದ್ರೆ ಸಮ ಪಾಲು ಅಂತ ಹಿಡೀತಾರೆ. 16,000 ಪೌಂಡ್ ಅಂದ್ರೆ ಇಪ್ಪತ್ತು ಲಕ್ಷದ ಆಸುಪಾಸು, ಬೆಂಗಳೂರಲ್ಲಿ ಯಾವ 30-40 ಸೈಟು ಅಷ್ಟಕ್ಕೆ ಸಿಗುತ್ತೆ ಹೇಳಿ.

ಗ್ಲಾಸ್ಗೋ_ಗೌಡ
ಆನೇಕಲ್ ಕಡೆ ರೆವಿನ್ಯೂ ಸೈಟು ಆದ್ರೆ ಸಿಗ್ತದೆ. ಇ-ಖಾತಾ ಆಗಿದ್ಯಾ ಕೇಳಮ್ಮ ಯಜಮಾನ್ರನ್ನ.